ತೋಟದ ಮನೆಯ ಅತಿಥಿಗಳು: ಶಿರಸಿ ಸೀಮೆಯಲ್ಲಿ ಹೋಂಸ್ಟೇ ನಡೆಸಿದ ನನ್ನ ಅನುಭವ

ಶಿರಸಿ ತಾಲೂಕಿನ ಅಡಿಕೆ ತೋಟವೊಂದರ ಮಗ್ಗುಲಲ್ಲಿರುವ ನಮ್ಮ ಮನೆಯ ಉಪ್ಪರಿಗೆಯ ಕೋಣೆಗಳನ್ನು ರಜೆ ಕಳೆಯಲು ಬರುವವರಿಗೆ ತೆರೆದು ಕೆಲವು ವರ್ಷಗಳಾದವು. ಮಕ್ಕಳು ಓದು ಮುಗಿಸಿ ಬೆಂಗಳೂರು ಸೇರಿದ ಮೇಲೆ ಖಾಲಿ ಉಳಿದ ಕೋಣೆಗಳು ಅವು. ನಮ್ಮ ಸುತ್ತಿನ ಊರುಗಳಲ್ಲಿ ಇಂಥ ಕೋಣೆಗಳಿರುವ ಮನೆಗಳು ಬಹಳ. ಈ ಕೆಲಸಕ್ಕೆ ಕೈಹಾಕಬೇಕೆಂದಿರುವವರು, ಅದರಲ್ಲೂ ಹೆಂಗಸರು, ಆಗಾಗ ನನ್ನನ್ನು ವಿಚಾರಿಸುವುದರಿಂದ ನಾನು ನಡೆಸಿಕೊಂಡು ಬಂದ ರೀತಿಯನ್ನು ಬರೆಯುತ್ತಿದ್ದೇನೆ. ಅತಿಥಿಗಳು ಬಂದರೆಂದು ಮನೆಯ ಕೆಲಸವನ್ನು ನಿಲ್ಲಿಸದೆ, ನಡೆಯುತ್ತಿರುವ ಕೆಲಸದೊಳಕ್ಕೇ ಅವರನ್ನು ಕರೆದುಕೊಳ್ಳಬೇಕೆಂಬುದು ನಾನು ಪಾಲಿಸುವ ಒಂದೇ ನಿಯಮ.

ಸ್ವಾಗತದ ಕೆಲಸ ಅವರು ಬರುವ ಮೊದಲೇ, ಫೋನಿನ ಮಾತಿನಲ್ಲಿ ಶುರುವಾಗುತ್ತದೆ. ಮನೆಯಲ್ಲಿ ಏನಿದೆ ಎಂದು ಹೇಳುವುದಕ್ಕಿಂತ ಏನಿಲ್ಲ ಎಂದು ಹೇಳುವುದಕ್ಕೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ. ಈಜುಕೊಳವಿಲ್ಲ, ಎಸಿ ಇಲ್ಲ, ಮಾಂಸಾಹಾರ ಮತ್ತು ಮದ್ಯಕ್ಕೆ ಅವಕಾಶವಿಲ್ಲ, ಮೊಬೈಲ್ ಸಿಗ್ನಲ್ ಬೇಕಾದರೆ ಮನೆಯ ಹಿಂದಿನ ಗುಡ್ಡ ಹತ್ತಬೇಕು, ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟು ಬರುವುದು ಮಾರನೆಯ ದಿನವೂ ಆಗಬಹುದು ಎಂದೆಲ್ಲ ತಿಳಿಸುತ್ತೇನೆ. ಬೆಂಗಳೂರಿನಿಂದ ಇಲ್ಲಿಗೆ ಸುಮಾರು 400 ಕಿಲೋಮೀಟರ್ ದೂರವಿದೆ. ಅಷ್ಟು ದೂರ ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಬಂದವರಿಗೆ ಅಂಗಳದಲ್ಲಿ ನಿರಾಸೆಯಾಗುವುದು ನನಗೆ ಸಹಿಸಲಾಗದ ಸಂಗತಿ. ಇದನ್ನು ಕೇಳಿ ಬೇಡವೆಂದವರೂ ಇದ್ದಾರೆ. ಅವರಿಗೆ ಹೊಂದುವ ರೆಸಾರ್ಟುಗಳು ಬೇರೆ ಕಡೆ ಇವೆ, ಅಲ್ಲಿಗೆ ಹೋಗುವುದೇ ಅವರಿಗೂ ಒಳ್ಳೆಯದು.

ಬಂದವರನ್ನು ಜಗುಲಿಯಲ್ಲಿ ಕೂರಿಸಿ, ಕೈಕಾಲು ತೊಳೆಯಲು ನೀರು ತೋರಿಸಿ, ಆಸರಿಗೆ, ಅಂದರೆ ಬಾಯಾರಿಕೆಗೆ, ಬೆಲ್ಲ ನೀರು ಕೊಡುವುದು ನಮ್ಮಲ್ಲಿ ನೆಂಟರಿಗೆ ಹೇಗೋ ಹಣ ಕೊಟ್ಟು ಬಂದವರಿಗೂ ಹಾಗೆಯೇ. ಬೇಸಿಗೆಯಾದರೆ ಮುರುಗಲ ಹಣ್ಣಿನ ಪಾನಕವಿರುತ್ತದೆ, ಮಳೆಗಾಲವಾದರೆ ಬಿಸಿ ಕಷಾಯ. ಆಧಾರ್ ಪ್ರತಿ, ಸಹಿ, ಮುಂಗಡದ ಲೆಕ್ಕ ಇವನ್ನೆಲ್ಲ ಆಸರಿ ಕುಡಿದು ದಣಿವಾರಿದ ಮೇಲೆಯೇ ಕೇಳಬೇಕು. ಈ ಅರ್ಧ ಗಂಟೆಯಲ್ಲಿ ಹಿರಿಯರಿಗೆ ಮೆಟ್ಟಿಲು ಹತ್ತಲು ಆಗುತ್ತದೆಯೇ, ಮಕ್ಕಳಿಗೆ ಖಾರ ಆಗುತ್ತದೆಯೇ, ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ ಎಂಬುದೆಲ್ಲ ಮಾತಿನ ನಡುವೆ ತಾನಾಗಿಯೇ ತಿಳಿದುಬರುತ್ತದೆ.

ತೋಟ ತೋರಿಸುವ ಕೆಲಸ ಯಜಮಾನರದು, ಅದು ಅವರ ದಿನದ ಕೆಲಸದ ಜೊತೆಗೇ ಸಾಗುತ್ತದೆ. ಮೇ ಕೊನೆಯಿಂದ ಜೂನ್ ಮೊದಲ ವಾರದೊಳಗೆ ಬಂದವರು ಕೊಳೆರೋಗಕ್ಕೆ ಔಷಧಿ ಹೊಡೆಯುವುದನ್ನು ಕಾಣುತ್ತಾರೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿಸಿದರೆ ಶೇಕಡಾ ಒಂದರ ಬೋರ್ಡೋ ದ್ರಾವಣ. ಅದರ ಚೆಂದದ ನೀಲಿ ಬಣ್ಣಕ್ಕೆ ಮಕ್ಕಳು ಕೈ ಅದ್ದದ ಹಾಗೆ ನೋಡಿಕೊಳ್ಳಬೇಕು. ನವೆಂಬರಿನ ನಂತರ ಬಂದವರಿಗೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವುದು, ನೋಡಲು ಸಿಗುತ್ತದೆ. ಕೊನೆಗೌಡರು ಒಂದು ಮರ ಹತ್ತಿ, ಕೊನೆ ಕೊಯ್ದು ಹಗ್ಗದ ಮೇಲೆ ಜಾರಿಸಿ, ಕೆಳಗಿಳಿಯದೆ ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುವುದನ್ನು ನೋಡುತ್ತಾ ನಿಂತವರು ಊಟದ ಹೊತ್ತನ್ನೂ ಮರೆಯುತ್ತಾರೆ. ಆದರೆ ಅದು ಪ್ರಾಣವನ್ನು ಪಣಕ್ಕಿಟ್ಟು ಮಾಡುವ ದುಡಿಮೆ. ಆದ್ದರಿಂದ ಅವರನ್ನು ಕೇಳದೆ ಫೋಟೋ ತೆಗೆಯಬಾರದು, ಮರದ ಮೇಲಿರುವಾಗ ಕೂಗಿ ಕರೆಯಬಾರದು ಎಂದು ಮೊದಲೇ ಹೇಳಿರುತ್ತೇವೆ. ಸಂಜೆ ಅಡಿಕೆ ಸುಲಿಯಲು ಅಕ್ಕಪಕ್ಕದವರು ಸೇರಿದಾಗ ಅತಿಥಿಗಳೂ ಮೆಟ್ಟುಗತ್ತಿಯ ಎದುರು ಕೂತು ಪ್ರಯತ್ನಿಸುವುದುಂಟು. ಕವಳ (ಎಲೆ ಅಡಿಕೆ) ಹಾಕುತ್ತಾ ಸಾಗುವ ಆ ಮಾತುಕತೆಯಲ್ಲಿ ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿದ್ದರಿಂದ ಹಿಡಿದು ಈ ವಾರದ ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ದರದವರೆಗೆ ಎಲ್ಲವೂ ಬರುತ್ತದೆ. ತೋಟದ ಮೇಲಿನ ಸೊಪ್ಪಿನ ಬೆಟ್ಟಕ್ಕೂ ಕರೆದೊಯ್ಯುತ್ತೇವೆ, ಏಕೆಂದರೆ ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಬಂದು, ಗೊಬ್ಬರವಾಗಿ ಮರದ ಬುಡ ಸೇರುವ ದಾರಿಯನ್ನು ಕಾಣದವರಿಗೆ ಈ ತೋಟ ಬರಿಯ ಹಸಿರಾಗಿ ಉಳಿಯುತ್ತದೆ.

ಅಡುಗೆಯ ವಿಷಯದಲ್ಲಿ ನಾನು ಹಟಮಾರಿ. ಪನೀರು, ನೂಡಲ್ಸ್ ಮಾಡುವುದಿಲ್ಲ. ಆ ದಿನ ಹಿತ್ತಿಲಲ್ಲಿ ಸಿಕ್ಕಿದ್ದೇ ಬಾಳೆಲೆಗೆ ಬರುತ್ತದೆ. ಬೆಳಿಗ್ಗೆ ತೆಳ್ಳೇವು ಎಂಬ ತೆಳು ದೋಸೆ, ಅದಕ್ಕೆ ಜೋನಿಬೆಲ್ಲ ಮತ್ತು ತುಪ್ಪ. ಮಧ್ಯಾಹ್ನ ಒಂದೆಲಗದ ತಂಬುಳಿ. ಸೊಪ್ಪು, ಕಾಯಿತುರಿ, ಜೀರಿಗೆಗಳನ್ನು ಬೀಸಿ ಮಜ್ಜಿಗೆ ಸೇರಿಸುವುದಷ್ಟೇ ಆದ್ದರಿಂದ ಪಟ್ಟಣದ ಹುಡುಗಿಯರು ಅದನ್ನು ನೋಡಿ ಬರೆದುಕೊಳ್ಳುತ್ತಾರೆ. ಮಾವಿನ ಕಾಲದಲ್ಲಿ ಅಪ್ಪೆಹುಳಿ, ಮಳೆಗಾಲದಲ್ಲಿ ಕೆಸುವಿನ ಸೊಪ್ಪಿನ ಕರಕಲಿ. ಕರಕಲಿಗೆ ಹುಳಿ ಕಡಿಮೆಯಾದರೆ ಗಂಟಲು ತುರಿಸುತ್ತದೆ, ಹಾಗಾಗಿ ಅದನ್ನು ಮೊದಲು ನಾನೇ ಉಂಡು ನೋಡಿಯೇ ಬಡಿಸುತ್ತೇನೆ. ಕಬ್ಬಿನ ಆಲೆಮನೆ ನಡೆಯುವ ಚಳಿಗಾಲದ ಕೊನೆಯಲ್ಲಿ ತೊಡೆದೇವು ಮಾಡುವ ದಿನವಂತೂ ಉಪ್ಪರಿಗೆ ಖಾಲಿಯಾಗಿ ಎಲ್ಲರೂ ಒಲೆಯ ಸುತ್ತ ಇರುತ್ತಾರೆ. ಕಬ್ಬಿನ ಹಾಲಿನಲ್ಲಿ ಕಲಸಿದ ಅಕ್ಕಿ ಹಿಟ್ಟನ್ನು, ಬೆಂಕಿಯ ಮೇಲೆ ಬೋರಲು ಹಾಕಿದ ಮಡಕೆಯ ಹೊರಮೈಗೆ ಬಟ್ಟೆಯಿಂದ ಎಳೆದು, ಕಾಗದದಷ್ಟು ತೆಳ್ಳಗೆ ಎಬ್ಬಿಸುವ ಆ ಕೈಚಳಕವನ್ನು ನನಗೆ ಕಲಿಸಿದವರು ನಮ್ಮ ಅತ್ತೆ. ಈಗಲೂ ಮಡಕೆಯ ಮುಂದೆ ಅವರೇ ಕೂರುತ್ತಾರೆ, ಬಂದ ಮಕ್ಕಳು ಅವರನ್ನು ಅಜ್ಜಿ ಎಂದೇ ಕರೆಯುತ್ತಾರೆ. ಇಂಥದ್ದಕ್ಕೆ ದರಪಟ್ಟಿಯಲ್ಲಿ ಜಾಗವಿಲ್ಲ, ಇರಬಾರದೆಂದೇ ನನ್ನ ಅಭಿಪ್ರಾಯ.

ಅಪಾಯಗಳ ಬಗ್ಗೆ ಮಾತ್ರ ಯಾವ ಸಂಕೋಚವೂ ಇಲ್ಲದೆ ಗಟ್ಟಿಯಾಗಿ ಹೇಳುತ್ತೇನೆ. ಮಳೆಗಾಲದ ಉಂಬಳದಿಂದ (ಜಿಗಣೆಯಿಂದ) ಪ್ರಾಣಕ್ಕೇನೂ ಆಗುವುದಿಲ್ಲ, ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ಬಿಡುತ್ತದೆ. ಬೇಸಿಗೆಯ ಉಣುಗು (ಉಣ್ಣೆ ಹುಳ) ಹಾಗಲ್ಲ. 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಅದೇ ಉಣುಗು. ಡಿಸೆಂಬರಿನಿಂದ ಮೇವರೆಗಿನ ತಿಂಗಳುಗಳಲ್ಲಿ ಸತ್ತ ಮಂಗನ ಸುದ್ದಿ ಕೇಳಿಬಂದ ಕಡೆ ನಾವು ಯಾರನ್ನೂ ಕಾಡಿಗೆ ಕಳಿಸುವುದಿಲ್ಲ. ಉಳಿದ ಕಡೆ ಹೋಗುವಾಗಲೂ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ ಹಚ್ಚಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡು ಹೋಗಿ, ಬಂದ ಕೂಡಲೇ ಹಂಡೆಯ ಬಿಸಿನೀರಿನಲ್ಲಿ ಸ್ನಾನ ಮಾಡಬೇಕು. ಹಳ್ಳ ದಾಟುವ ಅಡಿಕೆ ಮರದ ಸಂಕ ಮಳೆಯಲ್ಲಿ ಪಾಚಿಗಟ್ಟಿರುತ್ತದೆ, ಜೊತೆಗೆ ಮನೆಯವರಿಲ್ಲದೆ ಅದರ ಮೇಲೆ ಕಾಲಿಡಬಾರದು. ನೀರಿಗಿಳಿಯುವ ಮಾತು ಬಂದಾಗ ನಾನು ಮುಲಾಜು ನೋಡುವುದಿಲ್ಲ: ಇಲ್ಲಿ ಬಿಸಿಲಿದ್ದರೂ ಮೇಲೆ ಮಳೆಯಾದರೆ ಹೊಳೆ ನೋಡನೋಡುತ್ತಲೇ ಏರುತ್ತದೆ.

ಸುತ್ತಾಟಕ್ಕೆ ಹೊರಟವರಿಗೆ ಕಾಲ ನೋಡಿ ಜಾಗ ಸೂಚಿಸಬೇಕು. ಶಾಲ್ಮಲೆಯ ಬಂಡೆಗಳ ಮೇಲೆ ಸೋದೆ ಅರಸರ ಕಾಲದಲ್ಲಿ ಕೆತ್ತಿದ ಸಹಸ್ರಲಿಂಗಗಳು ನೀರು ಇಳಿದ ಮೇಲೆಯೇ ಸರಿಯಾಗಿ ಕಾಣುವುದು. ಅಘನಾಶಿನಿಯ ಉಂಚಳ್ಳಿ ಜಲಪಾತ, ಅದಕ್ಕೆ ವಿರುದ್ಧವಾಗಿ, ಮಳೆಗಾಲ ಮುಗಿಯುತ್ತಿದ್ದ ಹಾಗೆ ನೋಡಲು ಚೆನ್ನ. 120 ಮೀಟರ್ ಎತ್ತರದ ಭೈರವೇಶ್ವರ ಶಿಖರವಿರುವ ಯಾಣಕ್ಕೆ ವಾರದ ನಡುವೆ ಹೋಗಿ ಎನ್ನುತ್ತೇನೆ. ಕದಂಬರ ರಾಜಧಾನಿಯಾಗಿದ್ದ ಬನವಾಸಿಗೆ ಯಾವ ಕಾಲದಲ್ಲಾದರೂ ಹೋಗಬಹುದು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಬರುವವರಿಗೆ ಪೇಟೆಯ ಜನಸಂದಣಿಯನ್ನು ಮೊದಲೇ ತಿಳಿಸಿರುತ್ತೇನೆ.

ಕಾಗದಪತ್ರದ ಬಗ್ಗೆ ಹೇಳಬೇಕಾದದ್ದು ಸ್ವಲ್ಪ. ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಿ, ಪೊಲೀಸರ ನಿರಾಕ್ಷೇಪಣಾ ಪತ್ರ ಪಡೆದು, ಅತಿಥಿಗಳ ದಾಖಲೆ ಪುಸ್ತಕವನ್ನು ಅಂದಂದೇ ಬರೆದಿಡಬೇಕು. ವಿದೇಶದವರು ಬಂದರೆ 24 ಗಂಟೆಯೊಳಗೆ ಅವರ ವಿವರದ ಫಾರಂ ತುಂಬಿ ಸಲ್ಲಿಸುವುದು ಕಡ್ಡಾಯ. ನೆರವಿಗೆ ಬರುವ ನೆರೆಯ ಹೆಂಗಸರಿಗೆ ಅಂದಿನ ಕೂಲಿಯನ್ನು ಅಂದೇ ಕೊಡುವುದನ್ನು ನಾನು ಕಾನೂನಿನಷ್ಟೇ ಮುಖ್ಯವಾಗಿ ಪಾಲಿಸುತ್ತೇನೆ, ಯಾಕೆಂದರೆ ಊರಿಗೆ ಲಾಭವಿಲ್ಲದ ಅತಿಥಿಯನ್ನು ಊರು ಬಹಳ ದಿನ ಸಹಿಸುವುದಿಲ್ಲ.

ಹೊರಡುವಾಗ ಕಾಳುಮೆಣಸು, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಬೇಕೆನ್ನುವವರು ಹೆಚ್ಚು. ಅವುಗಳ ಬೆಲೆಯನ್ನು ಡಬ್ಬಿಯ ಮೇಲೆಯೇ ಬರೆದಿಡುತ್ತೇವೆ, ನೆರೆಮನೆಯ ಹಪ್ಪಳದ ಹಣ ನೇರ ಆ ಮನೆಗೇ ಹೋಗುತ್ತದೆ. ಇಲ್ಲಿಂದ ಗೋಕರ್ಣದ ಕಡೆಗೆ ಇಳಿಯುವವರಿಗೆ, ಮಳೆಗಾಲದಲ್ಲಾದರೆ, ದೇವಿಮನೆ ಘಟ್ಟದ ತಿರುವುಗಳಲ್ಲಿ ಮಂಜು ಕವಿಯುವ ಮೊದಲು ದಾಟಿಕೊಳ್ಳಿ ಎಂದು ಹೇಳಿ, ಮಧ್ಯಾಹ್ನದ ಊಟವನ್ನು ಅಂದು ಒಂದು ಗಂಟೆ ಮೊದಲೇ ಬಡಿಸುತ್ತೇವೆ.