ವಾಷಿಂಗ್ಟನ್ ರಾಜ್ಯದ ಹೈಸ್ಕೂಲು: 24 ಕ್ರೆಡಿಟ್ಟುಗಳ ಲೆಕ್ಕ ಮತ್ತು ನಿಮ್ಮ ಮಗುವಿನ ಯೋಜನೆ

ಸಿಯಾಟಲ್ ಸುತ್ತಲಿನ ಬೆಲ್‌ವ್ಯೂ, ರೆಡ್‌ಮಂಡ್, ಬಾಥೆಲ್ ಮುಂತಾದ ಊರುಗಳಿಗೆ ಹೊಸದಾಗಿ ಬಂದಿರುವ, ಹದಿಹರೆಯದ ಮಕ್ಕಳಿರುವ ಕುಟುಂಬಗಳು ಮೊದಲು ತಿಳಿಯಬೇಕಾದದ್ದು ಇಷ್ಟು: ಇಲ್ಲಿ ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯಂತೆ ಎಲ್ಲವನ್ನೂ ತೀರ್ಮಾನಿಸುವ ಒಂದು ಅಂತಿಮ ಪರೀಕ್ಷೆ ಇಲ್ಲ. ಒಂಬತ್ತನೆಯ ತರಗತಿಯ ಮೊದಲ ಸೆಮಿಸ್ಟರಿನಿಂದಲೇ ಪ್ರತಿ ವಿಷಯದ ಗ್ರೇಡು ಟ್ರಾನ್ಸ್‌ಕ್ರಿಪ್ಟಿಗೆ (ಎಲ್ಲ ವರ್ಷಗಳ ಗ್ರೇಡುಗಳ ಅಧಿಕೃತ ಪಟ್ಟಿಗೆ) ಸೇರುತ್ತದೆ. ಒಂಬತ್ತರಲ್ಲಿ ಹಗ್ಗ ಸಡಿಲಿಸಿ, ಹತ್ತರಲ್ಲಿ ಟ್ಯೂಷನ್ ಹಾಕಿಸಿ ಮೇಲೆತ್ತುವ ನಮ್ಮ ರೂಢಿ ಇಲ್ಲಿ ಫಲಿಸುವುದಿಲ್ಲ.

ಹನ್ನೆರಡನೆಯ ತರಗತಿ ಮುಗಿಸಿದ್ದಕ್ಕೆ ಸಿಗುವ ಡಿಪ್ಲೊಮಾ (ಹೈಸ್ಕೂಲ್ ಪ್ರಮಾಣಪತ್ರ) ಪಡೆಯಲು 24 ಕ್ರೆಡಿಟ್ ಬೇಕು. ಇಡೀ ವರ್ಷ ಓದುವ ಒಂದು ವಿಷಯಕ್ಕೆ ಸಾಮಾನ್ಯವಾಗಿ 1 ಕ್ರೆಡಿಟ್, ಒಂದು ಸೆಮಿಸ್ಟರಿಗೆ ಅರ್ಧ. ಇಂಗ್ಲಿಷಿಗೆ 4, ಗಣಿತ, ವಿಜ್ಞಾನ ಮತ್ತು ಸಮಾಜ ವಿಜ್ಞಾನಗಳಿಗೆ ತಲಾ 3, ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ 2, ಕಲೆಗೆ 2, ಇಂಗ್ಲಿಷೇತರ ಭಾಷೆಗೆ 2, ವೃತ್ತಿ ಮತ್ತು ತಾಂತ್ರಿಕ ಶಿಕ್ಷಣಕ್ಕೆ 1, ಉಳಿದ 4 ಐಚ್ಛಿಕ. ದಿನಕ್ಕೆ ಆರು ಪೀರಿಯಡ್ ನಡೆಸುವ ಶಾಲೆಯಲ್ಲಿ ನಾಲ್ಕು ವರ್ಷಕ್ಕೆ ಸಿಗುವುದು ಸರಿಯಾಗಿ 24 ಆದ್ದರಿಂದ, ಅಂಥ ಶಾಲೆಯಲ್ಲಿ ಒಂದೇ ಒಂದು ವಿಷಯದಲ್ಲಿ ಅನುತ್ತೀರ್ಣರಾದರೂ ಬೇಸಿಗೆ ತರಗತಿಯಲ್ಲೋ ಆನ್‌ಲೈನ್‌ನಲ್ಲೋ ಅದನ್ನು ತುಂಬಿಕೊಳ್ಳಬೇಕಾಗುತ್ತದೆ. ಏಳು, ಎಂಟನೆಯ ತರಗತಿಯಲ್ಲೇ ಹೈಸ್ಕೂಲ್ ಮಟ್ಟದ ಗಣಿತ ಓದಿದ ಮಕ್ಕಳಿಗೆ ಆ ಕ್ರೆಡಿಟ್ಟೂ ಲೆಕ್ಕಕ್ಕೆ ಬರುತ್ತದೆ.

ಕ್ರೆಡಿಟ್ಟುಗಳ ಜೊತೆಗೆ ಗ್ರಾಜುಯೇಷನ್ ಪಾಥ್‌ವೇ ಎಂಬ ಇನ್ನೊಂದು ಷರತ್ತಿದೆ. ರಾಜ್ಯದ ಸ್ಮಾರ್ಟರ್ ಬ್ಯಾಲೆನ್ಸ್ಡ್ ಪರೀಕ್ಷೆ, ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್ಎಟಿ ಪರೀಕ್ಷೆ, ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಮಾಡುವ ಎಪಿ ತರಗತಿಗಳು, ಕಾಲೇಜಿನ ಕ್ರೆಡಿಟ್ ಕೊಡುವ ಪಠ್ಯಗಳು, ವೃತ್ತಿ ಶಿಕ್ಷಣದ ಸರಣಿ ಹೀಗೆ ಹಲವು ದಾರಿಗಳಲ್ಲಿ ಒಂದನ್ನು ಪೂರೈಸಿದರೆ ಸಾಕು. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಇದು ತೊಡಕಾಗುವುದಿಲ್ಲ.

ತೊಡಕಾಗುವುದು ಮೂರನೆಯ ಅಗತ್ಯ, ಅದೂ ಪೋಷಕರು ಅದನ್ನು ಗಮನಿಸದೆ ಬಿಡುವುದರಿಂದ. ಅದರ ಹೆಸರು ಹೈಸ್ಕೂಲ್ ಅಂಡ್ ಬಿಯಾಂಡ್ ಪ್ಲಾನ್. ಏಳು ಅಥವಾ ಎಂಟನೆಯ ತರಗತಿಯಲ್ಲಿ ಆರಂಭವಾಗುವ ಈ ವೈಯಕ್ತಿಕ ಯೋಜನೆಯಲ್ಲಿ ವಿದ್ಯಾರ್ಥಿಯ ಆಸಕ್ತಿಗಳು, ಹೈಸ್ಕೂಲಿನ ನಂತರದ ಗುರಿ, ಆ ಗುರಿಗೆ ತಕ್ಕಂತೆ ವರ್ಷವಾರು ಓದಬೇಕಾದ ವಿಷಯಗಳು ಇರುತ್ತವೆ. ಹನ್ನೆರಡನೆಯ ತರಗತಿಯ ಕೊನೆಗೆ ರೆಸ್ಯೂಮೆ ಅಥವಾ ಚಟುವಟಿಕೆಗಳ ದಾಖಲೆಯೂ ಸೇರಬೇಕು. ಇದನ್ನು ಐಇಪಿ ಎಂದು ತಪ್ಪು ತಿಳಿಯಬೇಡಿ. ಐಇಪಿ ವಿಶೇಷ ಶಿಕ್ಷಣದ ಅಗತ್ಯವಿರುವ ಮಕ್ಕಳಿಗಾಗಿ ಅಮೆರಿಕದ ಕೇಂದ್ರ (ಫೆಡರಲ್) ಸರ್ಕಾರದ ಕಾನೂನಿನಡಿ ರೂಪಿಸುವ ಬೇರೆಯೇ ದಾಖಲೆ. ಈ ಪ್ಲಾನ್ ಪ್ರತಿಯೊಬ್ಬ ವಿದ್ಯಾರ್ಥಿಗೂ ಕಡ್ಡಾಯ. ಮಕ್ಕಳು ಇದನ್ನು ಕಂಪ್ಯೂಟರಿನಲ್ಲಿ ಐದು ನಿಮಿಷದಲ್ಲಿ ತುಂಬಿ ಮುಗಿಸುವ ಇನ್ನೊಂದು ಹೋಂವರ್ಕ್ ಎಂದುಕೊಳ್ಳುವುದುಂಟು. ವರ್ಷಕ್ಕೊಮ್ಮೆಯಾದರೂ ಅವರ ಪಕ್ಕ ಕುಳಿತು ಓದಿ, ವಿಷಯಗಳ ಆಯ್ಕೆಗೆ ಮಾರ್ಗದರ್ಶನ ನೀಡುವ ಶಾಲೆಯ ಕೌನ್ಸೆಲರ್ ಜೊತೆ ಮಾತನಾಡುವುದು ಒಳ್ಳೆಯದು. ಇಂಗ್ಲಿಷಿನಲ್ಲಿ ಮಾತನಾಡಲು ಹಿಂಜರಿಕೆಯಿದ್ದರೆ ದುಭಾಷಿಯನ್ನು ಕೇಳಿ, ಶಾಲೆಯು ಅದನ್ನು ಉಚಿತವಾಗಿ ಒದಗಿಸಬೇಕು.

ಈ ಪ್ಲಾನಿಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ವಿದ್ಯಾರ್ಥಿಯ ಗುರಿಗೆ ಬೇರೆ ವಿಷಯಗಳು ಹೆಚ್ಚು ಅಗತ್ಯವೆಂದು ಪ್ಲಾನಿನಲ್ಲಿದ್ದರೆ, ಭಾಷೆಯ 2 ಕ್ರೆಡಿಟ್ ಮತ್ತು ಕಲೆಯ 1 ಕ್ರೆಡಿಟ್ಟಿನ ಜಾಗದಲ್ಲಿ ಅವನ್ನು ಓದಲು ನಿಯಮ ಅವಕಾಶ ಕೊಡುತ್ತದೆ. ಕಂಪ್ಯೂಟರ್ ವಿಜ್ಞಾನದ ಮೋಹದಲ್ಲಿ ಭಾಷೆಯನ್ನು ಕೈಬಿಟ್ಟ ಹುಡುಗನಿಗೆ ಡಿಪ್ಲೊಮಾ ಸಿಗುತ್ತದೆ, ನಿಜ. ಆದರೆ ವಾಷಿಂಗ್ಟನ್ನಿನ ಸರ್ಕಾರಿ ವಿಶ್ವವಿದ್ಯಾಲಯಗಳು ಪ್ರವೇಶಕ್ಕೆ ಕನಿಷ್ಠ 2 ಕ್ರೆಡಿಟ್ ಇಂಗ್ಲಿಷೇತರ ಭಾಷೆಯನ್ನು ಬಯಸುತ್ತವೆ. ಡಿಪ್ಲೊಮಾದ ಅಗತ್ಯ ಬೇರೆ, ಪ್ರವೇಶದ ಅಗತ್ಯ ಬೇರೆ.

ಭಾಷೆಯ ವಿಚಾರದಲ್ಲಿ ನಮ್ಮವರಿಗೆ ಅನುಕೂಲವೊಂದಿದೆ. ಈ ರಾಜ್ಯದ ಸ್ಕೂಲ್ ಡಿಸ್ಟ್ರಿಕ್ಟುಗಳಲ್ಲಿ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ ಘಟಕಗಳಲ್ಲಿ) ತರಗತಿಯಲ್ಲಿ ಕೂರದೆ, ಭಾಷಾ ಸಾಮರ್ಥ್ಯದ ಪರೀಕ್ಷೆ ಬರೆದು ಕ್ರೆಡಿಟ್ ಗಳಿಸುವ ವ್ಯವಸ್ಥೆಯಿದೆ, ಅವಾಂಟ್ ಸಂಸ್ಥೆಯ ಸ್ಟ್ಯಾಂಪ್ ಪರೀಕ್ಷೆ ಕನ್ನಡದಲ್ಲೂ ಲಭ್ಯವಿದೆ. ಮನೆಯಲ್ಲಿ ಮಾತನಾಡಿದರಷ್ಟೇ ಸಾಲದು, ಓದಲು ಬರೆಯಲು ಬರಬೇಕು. ಊರಿನಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ ಓದಿದ ಮಗುವಿಗೆ ಅದು ಕಷ್ಟವಲ್ಲ. ಇಲ್ಲಿಗೆ ಬಂದ ಮೊದಲ ವರ್ಷದಲ್ಲೇ, ಅಕ್ಷರ ಮರೆಯುವ ಮುನ್ನ, ಪರೀಕ್ಷೆ ಬರೆಸಿಬಿಡುವುದು ಜಾಣತನ. ನಿಮ್ಮ ಡಿಸ್ಟ್ರಿಕ್ಟು ಯಾವ ತಿಂಗಳಲ್ಲಿ ಪರೀಕ್ಷೆ ನಡೆಸುತ್ತದೆ, ಶುಲ್ಕವೆಷ್ಟು ಎಂದು ಕೌನ್ಸೆಲರನ್ನೇ ಕೇಳಿ.

ಹನ್ನೊಂದು, ಹನ್ನೆರಡನೆಯ ತರಗತಿಯವರಿಗೆ ರನ್ನಿಂಗ್ ಸ್ಟಾರ್ಟ್ ಯೋಜನೆಯಡಿ ಸಮುದಾಯ ಕಾಲೇಜಿನಲ್ಲಿ ಬೋಧನಾ ಶುಲ್ಕವಿಲ್ಲದೆ ಓದುವ ಅವಕಾಶವೂ ಇದೆ. ಅಲ್ಲಿನ ಕ್ರೆಡಿಟ್ಟುಗಳನ್ನು ಕ್ವಾರ್ಟರ್ ಎಂಬ ಕಾಲೇಜು ಅವಧಿಯ ಲೆಕ್ಕದಲ್ಲಿ ಎಣಿಸುತ್ತಾರೆ, ಅಂಥ 5 ಕ್ರೆಡಿಟ್ ಹೈಸ್ಕೂಲಿನ 1 ಕ್ರೆಡಿಟ್ಟಿಗೆ ಸಮ. ಪುಸ್ತಕ ಮತ್ತು ಓಡಾಟದ ಖರ್ಚು ಸಾಮಾನ್ಯವಾಗಿ ಮನೆಯವರದೇ.

ಇನ್ನು ದಾಖಲೆಗಳ ಮಾತು. ಎಸ್ಸೆಸ್ಸೆಲ್ಸಿ ಮುಗಿಸಿ ಬಂದ ಮಕ್ಕಳ ತಂದೆತಾಯಿ ಹತ್ತನೆಯ ತರಗತಿಯ ಅಂಕಪಟ್ಟಿಯೊಂದನ್ನೇ ಜೋಪಾನವಾಗಿ ತರುತ್ತಾರೆ. ಒಂಬತ್ತರದು ಶಾಲೆಯೇ ಕೊಟ್ಟ ಸಾದಾ ಕಾಗದವೆಂದು ಊರಲ್ಲೇ ಉಳಿದಿರುತ್ತದೆ. ಇಲ್ಲಿ ಎರಡಕ್ಕೂ ಸಮಾನ ಬೆಲೆ, ಏಕೆಂದರೆ ಒಂಬತ್ತರ ವಿಷಯಗಳಿಗೂ ಕ್ರೆಡಿಟ್ ಕೊಡಬೇಕಾಗಿರುತ್ತದೆ. ಎರಡೂ ಅಂಕಪಟ್ಟಿಗಳು, ವರ್ಗಾವಣೆ ಪತ್ರ, ಸಾಧ್ಯವಾದರೆ ಪ್ರತಿ ವಿಷಯದ ಪಠ್ಯಕ್ರಮದ ಪ್ರತಿ ಇವನ್ನು ಹೊರಡುವ ಮೊದಲೇ ಶಾಲೆಯ ಮೊಹರು ಹಾಕಿಸಿ ತನ್ನಿ. ಕನ್ನಡದಲ್ಲಿರುವ ದಾಖಲೆಗೆ ಇಂಗ್ಲಿಷ್ ಅನುವಾದವನ್ನೂ ಲಗತ್ತಿಸಿ. ದಾಖಲಾತಿಯಾದ ಕೂಡಲೇ ಎಷ್ಟು ಕ್ರೆಡಿಟ್ ಮಾನ್ಯವಾಯಿತು ಎಂಬುದನ್ನು ಕೌನ್ಸೆಲರ್‌ರಿಂದ ಬರವಣಿಗೆಯಲ್ಲಿ ಪಡೆದು, 24ರಲ್ಲಿ ಉಳಿದದ್ದೆಷ್ಟು ಎಂದು ಮಗುವಿನ ಪ್ಲಾನಿನೊಂದಿಗೆ ತಾಳೆ ನೋಡಿ.