ಅತಿಮಾನುಷ ಪ್ರೇಮಕಥೆಯನ್ನು ಅಮೆರಿಕದ ಪ್ರಕಾಶಕರಿಗೆ ಕಳುಹಿಸುವುದು ಹೇಗೆ?

ಮೋಹಿನಿ, ಯಕ್ಷಿ, ನಾಗಕನ್ನಿಕೆಯರ ಕಥೆ ಕೇಳಿ ಬೆಳೆದು ಇಂಗ್ಲಿಷಿನಲ್ಲಿ ಬರೆಯುವ ನಮ್ಮವರಿಗೆ ‘ಪ್ಯಾರಾನಾರ್ಮಲ್ ರೊಮಾನ್ಸ್’ ಎಂಬ ಪ್ರಕಾರ ಒಲಿಯುವುದು ಸಹಜ. ರಕ್ತಪಿಶಾಚಿ, ತೋಳಮಾನವ, ಮಾಟಗಾತಿಯರ ಲೋಕದಲ್ಲಿ ನಡೆಯುವ ಈ ಪ್ರೇಮಕಥೆಗಳಿಗೆ ದೊಡ್ಡ ಮಾರುಕಟ್ಟೆ ಇರುವುದು ಅಮೆರಿಕದಲ್ಲಿ. ಹಸ್ತಪ್ರತಿಯನ್ನು ಅಲ್ಲಿಗೆ ಇಮೇಲ್‌ನಲ್ಲಿ ಕಳುಹಿಸಲು ಕ್ಷಣ ಸಾಕು. ಅದು ಯಾರ ಕೈಗೆ ಸೇರುತ್ತದೆ ಎಂದು ತಿಳಿದುಕೊಳ್ಳಲು ಮಾತ್ರ ಕೆಲವು ದಿನಗಳ ಶ್ರಮ ಬೇಕು.

ಮೊದಲು, ಬರೆದಿರುವುದು ಆ ಪ್ರಕಾರಕ್ಕೆ ಸೇರುತ್ತದೆಯೇ ಎಂದು ನೋಡಿಕೊಳ್ಳಿ. 1980ರಲ್ಲಿ ಆರಂಭವಾದ ರೊಮಾನ್ಸ್ ರೈಟರ್ಸ್ ಆಫ್ ಅಮೆರಿಕ ಸಂಘವು ರೊಮಾನ್ಸ್‌ಗೆ ಎರಡು ಲಕ್ಷಣಗಳನ್ನು ಹೇಳಿದೆ: ಕಥೆಯ ಕೇಂದ್ರದಲ್ಲಿ ಪ್ರೇಮವಿರಬೇಕು, ಅಂತ್ಯವು ತೃಪ್ತಿಯನ್ನೂ ಭರವಸೆಯನ್ನೂ ಕೊಡಬೇಕು. ಯಕ್ಷಿಯನ್ನು ಮರಕ್ಕೆ ಮೊಳೆ ಹೊಡೆದು ಬಂಧಿಸುವುದರೊಂದಿಗೆ ಮುಗಿಯುವ ಕಥೆ ಎಷ್ಟೇ ಸೊಗಸಾಗಿದ್ದರೂ ಅಲ್ಲಿಯ ಸಂಪಾದಕರಿಗೆ ಅದು ಭಯಾನಕ ಕಥೆಯೇ.

ಹೊಸ ಲೇಖಕರು ಕಾದಂಬರಿಯನ್ನು ಪೂರ್ತಿ ಬರೆದು ತಿದ್ದಿದ ನಂತರವೇ ಕಳುಹಿಸಬೇಕು. ಒಂದು ಪುಟ ಮೀರದ ಪರಿಚಯ ಪತ್ರ, ಒಂದೆರಡು ಪುಟಗಳ ಕಥಾಸಾರ, ಆರಂಭದ ಕೆಲವು ಅಧ್ಯಾಯಗಳು ಸಾಮಾನ್ಯವಾಗಿ ಕೇಳುವ ಸಾಮಗ್ರಿ. ಕಥಾಸಾರದಲ್ಲಿ ಅಂತ್ಯವನ್ನು ಮುಚ್ಚಿಡಬಾರದು. 12 ಅಳತೆಯ ಸರಳ ಅಕ್ಷರ, ಸಾಲುಗಳ ನಡುವೆ ಇಮ್ಮಡಿ ಅಂತರ, ಸುತ್ತಲೂ ಒಂದು ಅಂಗುಲ ಅಂಚು ಇರಲಿ. ಪ್ರಕಾಶಕರು ಬೇರೆ ಸೂಚನೆ ಕೊಟ್ಟಿದ್ದರೆ ಅದನ್ನೇ ಅಕ್ಷರಶಃ ಪಾಲಿಸಿ.

ಕಳುಹಿಸಲು ಎರಡು ದಾರಿಗಳಿವೆ. ದೊಡ್ಡ ಪ್ರಕಾಶನ ಸಂಸ್ಥೆಗಳಲ್ಲಿ ಹೆಚ್ಚಿನವು ಸಾಹಿತ್ಯ ಏಜೆಂಟರ ಮೂಲಕ ಬಂದದ್ದನ್ನು ಮಾತ್ರ ಓದುತ್ತವೆ. ಏಜೆಂಟರು ಪುಸ್ತಕ ಮಾರಾಟವಾದ ಮೇಲೆ ಲೇಖಕರ ಗಳಿಕೆಯಲ್ಲಿ ಸಾಮಾನ್ಯವಾಗಿ ಶೇ 15ರಷ್ಟು ಪಡೆಯುತ್ತಾರೆಯೇ ಹೊರತು ಹಸ್ತಪ್ರತಿ ಓದಲು ಶುಲ್ಕ ಕೇಳುವಂತಿಲ್ಲ. ಅವರ ವೃತ್ತಿಸಂಘದ ನೀತಿಸಂಹಿತೆಯೇ ಅದನ್ನು ನಿಷೇಧಿಸಿದೆ. ಹಾರ್ಲೆಕ್ವಿನ್‌ನಂಥ ರೊಮಾನ್ಸ್ ಪ್ರಕಾಶಕರು ಲೇಖಕರಿಂದ ನೇರವಾಗಿಯೂ ಹಸ್ತಪ್ರತಿ ಸ್ವೀಕರಿಸುತ್ತಾ ಬಂದಿದ್ದಾರೆ. ಸಣ್ಣಕಥೆಯಾದರೆ ಪತ್ರಿಕೆಗಳಿವೆ, ವೈಜ್ಞಾನಿಕ ಮತ್ತು ಅದ್ಭುತ ಕಥೆಗಾರರ ಸಂಘವಾದ ಎಸ್‌ಎಫ್‌ಡಬ್ಲ್ಯುಎ 2019ರಲ್ಲಿ ವೃತ್ತಿಪರ ಸಂಭಾವನೆಯನ್ನು ಪದಕ್ಕೆ 8 ಸೆಂಟ್ ಎಂದು ನಿಗದಿಪಡಿಸಿತು. ಆ ಲೆಕ್ಕದಲ್ಲಿ 5,000 ಪದಗಳ ಕಥೆಗೆ 400 ಡಾಲರ್ ಸಿಗುತ್ತದೆ.

ಇನ್ನು, ಹಣ ಪಡೆದು ಅಚ್ಚು ಹಾಕುವ ‘ವ್ಯಾನಿಟಿ ಪ್ರೆಸ್’ಗಳ ವಿಚಾರ. ಇಲ್ಲಿ ನಮ್ಮವರು ವಿಶೇಷವಾಗಿ ಎಚ್ಚರವಾಗಿರಬೇಕು ಎಂದು ನನಗೆ ಅನಿಸುತ್ತದೆ. ಲೇಖಕರೇ ಕೈಯಿಂದ ಹಣ ಹಾಕಿ ಪುಸ್ತಕ ತರುವುದು ಕನ್ನಡದಲ್ಲಿ ಹೊಸದಲ್ಲ, ಅಗೌರವದ ಸಂಗತಿಯೂ ಅಲ್ಲ. ಹಾಗಾಗಿ ವಿದೇಶದ ಸಂಸ್ಥೆ ಹಣ ಕೇಳಿದಾಗಲೂ ನಮಗೆ ಅನುಮಾನ ಬರುವುದಿಲ್ಲ. ಆದರೆ ನೀವೇ ಮುದ್ರಿಸಿದಾಗ ಪ್ರತಿಗಳೂ ಹಕ್ಕುಗಳೂ ನಿಮ್ಮವೇ. ವ್ಯಾನಿಟಿ ಪ್ರೆಸ್ ನಿಮ್ಮಿಂದ ಹಣವನ್ನೂ ಪಡೆಯುತ್ತದೆ, ಎಷ್ಟೋ ಸಲ ಹಕ್ಕುಗಳನ್ನೂ ಬರೆಸಿಕೊಳ್ಳುತ್ತದೆ. ಪುಸ್ತಕ ಓದುಗರನ್ನು ತಲುಪಲೇಬೇಕಾದ ಅಗತ್ಯ ಅದಕ್ಕಿರುವುದಿಲ್ಲ, ಏಕೆಂದರೆ ಅದರ ಗಿರಾಕಿ ಓದುಗರಲ್ಲ, ನೀವು. ಹಣ ಲೇಖಕರ ಕಡೆಗೇ ಹರಿಯಬೇಕು ಎಂದು ಅಮೆರಿಕದ ಲೇಖಕ ಜೇಮ್ಸ್ ಡಿ. ಮ್ಯಾಕ್‌ಡೊನಾಲ್ಡ್ ಹೇಳಿದ ಮಾತನ್ನು ಅಲ್ಲಿನ ಬರಹಗಾರರು ‘ಯಾಗ್ ನಿಯಮ’ ಎಂದು ನೆನಪಿಟ್ಟುಕೊಂಡಿರುವುದು ಇದಕ್ಕಾಗಿಯೇ.

ಮುಂಗಡವಾಗಿ ಹಣ ಕೇಳದವರೆಲ್ಲ ಒಳ್ಳೆಯ ಪ್ರಕಾಶಕರೆಂದೂ ತಿಳಿಯಬಾರದು. ಮೇರಿಲ್ಯಾಂಡ್‌ನ ಪಬ್ಲಿಷ್‌ಅಮೆರಿಕ ಲೇಖಕರಿಗೆ ಒಂದು ಡಾಲರ್ ಮುಂಗಡವನ್ನು ತಾನೇ ಕೊಡುತ್ತಿತ್ತು. ಆಮೇಲೆ ಅವರಿಗೂ ಅವರ ಬಂಧುಬಳಗಕ್ಕೂ ಪುಸ್ತಕ ಮಾರಿ ಆದಾಯ ಪಡೆಯುತ್ತಿತ್ತು. 2004ರಲ್ಲಿ ಕೆಲವು ಬರಹಗಾರರು ಸೇರಿ, ಒಂದೇ ಅಧ್ಯಾಯವನ್ನು ಎರಡು ಕಡೆ ಇಟ್ಟು, ಮತ್ತೊಂದನ್ನು ಕಂಪ್ಯೂಟರ್ ಪ್ರೋಗ್ರಾಮಿನಿಂದ ಬರೆಸಿ, ಬೇಕೆಂದೇ ಕೆಡಿಸಿದ ಕಾದಂಬರಿಯೊಂದನ್ನು ಅಲ್ಲಿಗೆ ಕಳುಹಿಸಿದಾಗ ಅದಕ್ಕೂ ಒಪ್ಪಿಗೆ ಪತ್ರ ಬಂದಿತ್ತು. ಸಂಗತಿ ಬಯಲಾದ ಮೇಲಷ್ಟೇ ಆ ಒಪ್ಪಿಗೆಯನ್ನು ಹಿಂಪಡೆಯಲಾಯಿತು.

ದೊಡ್ಡ ಹೆಸರನ್ನು ನೋಡಿ ನಂಬುವುದೂ ಸಾಲದು. 2009ರ ನವೆಂಬರ್‌ನಲ್ಲಿ ಹಾರ್ಲೆಕ್ವಿನ್ ಸಂಸ್ಥೆಯೇ, ಲೇಖಕರಿಂದ ಹಣ ಪಡೆದು ಪುಸ್ತಕ ತರುವ ಆಥರ್ ಸೊಲ್ಯೂಷನ್ಸ್ ಕಂಪನಿಯ ಜೊತೆ ಸೇರಿ ‘ಹಾರ್ಲೆಕ್ವಿನ್ ಹೊರೈಜನ್ಸ್’ ಎಂಬ, ಲೇಖಕರು ಹಣ ತೆರಬೇಕಾದ ವಿಭಾಗವನ್ನು ಘೋಷಿಸಿತು. ರೊಮಾನ್ಸ್ ಲೇಖಕರ ಸಂಘವೂ ಪತ್ತೇದಾರಿ ಹಾಗೂ ವೈಜ್ಞಾನಿಕ ಕಥೆಗಾರರ ಸಂಘಗಳೂ ಬಲವಾಗಿ ಪ್ರತಿಭಟಿಸಿದ್ದರಿಂದ ಆ ವಿಭಾಗದ ಹೆಸರಿನಿಂದ ‘ಹಾರ್ಲೆಕ್ವಿನ್’ ಎಂಬುದನ್ನು ತೆಗೆಯಬೇಕಾಯಿತು. ಭಾರತದಲ್ಲಿ 2013ರಲ್ಲಿ ಪೆಂಗ್ವಿನ್, ಅದೇ ಆಥರ್ ಸೊಲ್ಯೂಷನ್ಸ್ ಜೊತೆಗೂಡಿ, ಲೇಖಕರಿಂದ ಶುಲ್ಕ ಪಡೆಯುವ ‘ಪಾರ್ಟ್ರಿಜ್’ ಅನ್ನು ಆರಂಭಿಸಿತ್ತು.

ಆದ್ದರಿಂದ ಒಪ್ಪಿಗೆ ಪತ್ರ ಬಂದ ದಿನವೇ ಸಹಿ ಹಾಕಬೇಡಿ. ಸಂಸ್ಥೆಯ ಹೆಸರನ್ನು ‘ರೈಟರ್ ಬಿವೇರ್’ನಲ್ಲಿ ಹುಡುಕಿ, ವಿಕ್ಟೋರಿಯಾ ಸ್ಟ್ರಾಸ್ ಮತ್ತು ಎ.ಸಿ. ಕ್ರಿಸ್ಪಿನ್ 1998ರಲ್ಲಿ ಕಟ್ಟಿದ ಈ ಉಚಿತ ಸೇವೆ ಇಂಥ ದೂರುಗಳನ್ನು ಸಂಗ್ರಹಿಸಿ ಲೇಖಕರನ್ನು ಎಚ್ಚರಿಸುತ್ತದೆ. ಆ ಸಂಸ್ಥೆಯ ಪುಸ್ತಕಗಳಲ್ಲಿ ಒಂದೆರಡನ್ನು ಕೊಂಡು ಓದಿ, ತಿದ್ದುವ ಕೆಲಸ ಹೇಗೆ ನಡೆದಿದೆ ಎಂದು ನೋಡಿ. ‘ಸಹಭಾಗಿತ್ವದ ಪ್ರಕಾಶನ’, ‘ಲೇಖಕರ ಪಾಲಿನ ವೆಚ್ಚ’ ಎಂಬ ಮಾತು ಪತ್ರದಲ್ಲಿದ್ದರೆ ಅದು ಹಣ ಕೇಳುವ ಮಾತೇ. ಪುಸ್ತಕದ ಗುರುತುಸಂಖ್ಯೆಯಾದ ಐಎಸ್‌ಬಿಎನ್‌ಗೆಂದು ಹಣ ಕೇಳಿದರೆ, ಭಾರತದಲ್ಲಿ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಸಂಸ್ಥೆ ಅದನ್ನು ಲೇಖಕರಿಗೆ ಉಚಿತವಾಗಿ ಕೊಡುತ್ತದೆ ಎಂಬುದು ನಿಮಗೆ ತಿಳಿದಿರಲಿ.

ಒಪ್ಪಂದದಲ್ಲಿ ಯಾವ ಹಕ್ಕು, ಎಷ್ಟು ವರ್ಷ, ಯಾವ ದೇಶಗಳಿಗೆ ಎಂಬ ಮೂರೂ ಸ್ಪಷ್ಟವಾಗಿರಬೇಕು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅವಧಿ ನಮೂದಾಗದಿದ್ದರೆ ಐದು ವರ್ಷ, ಪ್ರದೇಶ ನಮೂದಾಗದಿದ್ದರೆ ಭಾರತ ಮಾತ್ರ ಎಂದು ಭಾವಿಸಲಾಗುತ್ತದೆ. ಆದರೆ ಅಮೆರಿಕದ ಒಪ್ಪಂದಗಳು ಸಾಮಾನ್ಯವಾಗಿ ಅಲ್ಲಿನ ಕಾನೂನಿಗೆ ಒಳಪಟ್ಟಿರುವುದರಿಂದ ಈ ರಕ್ಷಣೆಯನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಮಾರಾಟ ಇಂತಿಷ್ಟಕ್ಕಿಂತ ಇಳಿದರೆ ಹಕ್ಕುಗಳು ಲೇಖಕರಿಗೆ ಮರಳುತ್ತವೆ ಎಂಬ ಷರತ್ತನ್ನು ಬರಹದಲ್ಲೇ ಕೇಳಿ ಪಡೆಯಿರಿ.

ಸಹಿಯಾದ ಮೇಲೆ, ವಿದೇಶಿಯರಿಗಾಗಿ ಇರುವ ಅಮೆರಿಕದ ತೆರಿಗೆ ನಮೂನೆಯಾದ ಡಬ್ಲ್ಯು-8ಬಿಇಎನ್ ಅನ್ನು ನಿಮ್ಮ ಪ್ಯಾನ್ ಸಂಖ್ಯೆಯೊಂದಿಗೆ ಭರ್ತಿ ಮಾಡಿ ಪ್ರಕಾಶಕರಿಗೆ ಕೊಡಿ. ಭಾರತದಲ್ಲಿ ನೆಲೆಸಿರುವ ಲೇಖಕರ ಗೌರವಧನದಿಂದ ಶೇ 30ರ ಬದಲು, ಎರಡು ದೇಶಗಳ ತೆರಿಗೆ ಒಪ್ಪಂದದಂತೆ, ಶೇ 15ರಷ್ಟನ್ನು ಮಾತ್ರ ಅಲ್ಲಿ ಕಡಿತ ಮಾಡಲಾಗುತ್ತದೆ.