ಕ್ಯಾರವಾನಿನ ಒಳಗೋಡೆಯ ಬೀಡಿಂಗ್ ಬಿಟ್ಟುಕೊಂಡಾಗ

ಮಳೆಗಾಲವಿಡೀ ಅಂಗಳದಲ್ಲಿ ನಿಂತ ಕ್ಯಾರವಾನಿನ ಬಾಗಿಲನ್ನು ಅಕ್ಟೋಬರಿನಲ್ಲಿ ತೆರೆದಾಗ ಕಿಟಕಿಯ ಸುತ್ತಲಿನ ಮರದ ಪಟ್ಟಿ, ಅಂದರೆ ನಮ್ಮ ಆಚಾರಿಗಳು ಬೀಡಿಂಗ್ ಎನ್ನುವುದು, ಗೋಡೆಯಿಂದ ಬೆರಳು ತೂರುವಷ್ಟು ದೂರ ಸರಿದಿರುವುದು ಕಾರವಾರದ ಹವೆಯಲ್ಲಿ ಹೊಸದೇನಲ್ಲ. ಆಗ ಹೆಚ್ಚಿನವರು ಸಂದಿಗೆ ಅಂಟು ಸುರಿದು, ಎರಡು ಮೊಳೆ ಹೊಡೆದು, ಮರುದಿನವೇ ಪ್ರಯಾಣ ಹೊರಡುತ್ತಾರೆ. ನಾನೂ ಒಮ್ಮೆ ಹಾಗೆಯೇ ಮಾಡಿದ್ದೆ. ಕುಮಟಾದಿಂದ ಶಿರಸಿಗೆ ಹೋಗುವಾಗ ದೇವಿಮನೆ ಘಾಟಿಯ ತಿರುವುಗಳಲ್ಲಿ ಆ ಪಟ್ಟಿ ಮೊಳೆಗಳ ಸಮೇತ ಕಳಚಿ, ಹಿಂದೆ ಕುಳಿತಿದ್ದ ಅತ್ತಿಗೆಯವರ ಮಡಿಲಿಗೆ ಬಿತ್ತು.

ಪಟ್ಟಿಯನ್ನು ಮುಟ್ಟುವ ಮೊದಲು ಅದರ ಮೂಲೆಗಳನ್ನು ನೋಡಬೇಕು. ಮರವು ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ, ಅಗಲಕ್ಕೆ ಹಿಗ್ಗುವುದು ಹೆಚ್ಚು. ಆದ್ದರಿಂದ 45 ಡಿಗ್ರಿಗೆ ಕತ್ತರಿಸಿ ಕೂಡಿಸಿದ ಮೂಲೆಯಲ್ಲಿ ಸಂದಿಯು ಒಳತುದಿಯಲ್ಲಿ ಬಾಯಿ ಬಿಟ್ಟಿದ್ದರೆ ಮರ ಒಣಗಿ ಕುಗ್ಗಿದೆ ಎಂದೂ, ಹೊರತುದಿಯಲ್ಲಿ ಬಿಟ್ಟಿದ್ದರೆ ನೀರು ಕುಡಿದು ಉಬ್ಬಿದೆ ಎಂದೂ ತಿಳಿಯಬಹುದು. ಉಬ್ಬಿದ್ದರೆ ಕಿಟಕಿಯ ರಬ್ಬರು ಅಥವಾ ಚಾವಣಿಯ ಜೋಡಣೆ ಎಲ್ಲೋ ಸೋರುತ್ತಿದೆಯೆಂದೇ ಮೊದಲು ಅನುಮಾನಿಸಿ, ಹೊರಗಿನಿಂದ ಪೈಪಿನ ನೀರನ್ನು ಕೆಳಗಿನಿಂದ ಆರಂಭಿಸಿ ನಿಧಾನವಾಗಿ ಮೇಲಕ್ಕೆ ಬಿಡುತ್ತಾ, ಒಳಗೊಬ್ಬರನ್ನು ಟಾರ್ಚ್ ಹಿಡಿಸಿ ನಿಲ್ಲಿಸಬೇಕು. ಮೇಲಿನಿಂದ ಬಿಟ್ಟರೆ ನೀರು ಎಲ್ಲ ಕಡೆ ಹರಿದು, ಯಾವ ತೂತಿನಿಂದ ಒಳಬಂತೆಂಬುದು ತಿಳಿಯುವುದಿಲ್ಲ. ಸೋರಿಕೆ ನಿಲ್ಲದೆ ಮುಂದಿನ ಯಾವ ಕೆಲಸವನ್ನೂ ಆರಂಭಿಸಬಾರದು.

ಪಟ್ಟಿಯನ್ನು ತೆಗೆಯುವುದು ಸುಲಭ. ಪಾಲಿಶಿನ ಅಂಚನ್ನು ಕಟರ್‌ನಿಂದ ಗೀರಿ, ಎರಡು ಪುಟ್ಟಿ ಬ್ಲೇಡುಗಳ ನಡುವೆ ಉಳಿಯನ್ನು ತೂರಿಸಿ ಮೊಳೆಯಿರುವ ಜಾಗದಲ್ಲಿಯೇ ಎತ್ತಬೇಕು. ಮೊಳೆಗಳನ್ನು ಹಿಂಬದಿಯಿಂದ ಇಕ್ಕಳದಲ್ಲಿ ಎಳೆದರೆ ಮುಂಭಾಗದ ಮರ ಸಿಬಿರೇಳುವುದಿಲ್ಲ.

ಎಲ್ಲರೂ ಎಡವುವುದು ಇದರ ನಂತರದ ಹಂತದಲ್ಲಿ. ಪಟ್ಟಿಯ ಹಿಂದೆಯೂ ಗೋಡೆಯ ಪ್ಲೈವುಡ್ಡಿನ ಮೇಲೂ ಹಳೆಯ ಅಂಟು ಗಾಜಿನ ಪೊರೆಯಂತೆ ಕುಳಿತಿರುತ್ತದೆ. ಬಡಗಿಗಳು ಬಳಸುವ ಬಿಳಿ ಅಂಟು ಮರದ ರಂಧ್ರಗಳಿಗೆ ಇಳಿದು ಹಿಡಿಯುವಂಥದ್ದು. ಆ ಪೊರೆಯ ಮೇಲೆ ಎಷ್ಟು ಹಚ್ಚಿದರೂ ಅದು ಒಣಗುತ್ತದೆಯೇ ಹೊರತು ಹಿಡಿಯುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ನಿಮಿಷ ಅದರ ಮೇಲೆ ಹಾಸಿದರೆ ಹಳೆಯ ಬಿಳಿ ಅಂಟು ಮೆತ್ತಗಾಗಿ ಬ್ಲೇಡಿಗೆ ಸುರುಳಿಯಾಗಿ ಏಳುತ್ತದೆ. ಉಳಿದುದನ್ನು 80 ನಂಬರಿನ ಪಾಲಿಶ್ ಕಾಗದದಿಂದ ತಿಕ್ಕಿ, ಹುಡಿಯನ್ನು ಒರೆಸಿ, ಬೆರಳ ತುದಿಯಿಂದ ಒಂದು ಹನಿ ನೀರನ್ನು ಅಲ್ಲಿಡಬೇಕು. ಹನಿ ಮಣಿಯಂತೆ ದುಂಡಗೆ ನಿಂತರೆ ಅಂಟು ಇನ್ನೂ ಇದೆ, ಹರಡಿ ಇಂಗಿದರೆ ಮರ ಸಿಕ್ಕಿದೆ. ಈ ಪರೀಕ್ಷೆಯನ್ನು ಪ್ರತಿ ಗೇಣಿಗೊಂದರಂತೆ ಮಾಡಲು ನಾನು ಬೇಸರಪಡುವುದಿಲ್ಲ. ಕಡಲ ಬದಿಯಲ್ಲಿ ನಿಲ್ಲುವ ವಾಹನವಾದರೆ ಮರದ ಮೇಲೆ ಕೂತ ಉಪ್ಪು ತೇವವನ್ನು ಎಳೆಯುತ್ತಲೇ ಇರುವುದರಿಂದ, ಸಿಹಿನೀರಿನ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಎರಡು ದಿನ ಫ್ಯಾನಿನ ಗಾಳಿಗೆ ಒಣಗಿಸಿದ ಮೇಲೆಯೇ ಅಂಟಿನ ಡಬ್ಬಿಯನ್ನು ತೆರೆಯಬೇಕು.

ಅಂಟು ನೀರು ತಡೆಯುವ ಬಗೆಯದೇ ಆಗಿರಲಿ. ರೆಕ್ಸಿನ್ ಅಂಟಿಸುವ ರಬ್ಬರ್ ಅಂಟನ್ನು ಇಲ್ಲಿಗೆ ಶಿಫಾರಸು ಮಾಡುವ ಅಂಗಡಿಯವರಿದ್ದಾರೆ. ಮೇ ತಿಂಗಳ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಗಾಡಿಯ ಒಳಗೆ ಅದು ಮೆತ್ತಗಾಗಿ ಪಟ್ಟಿಯನ್ನು ಜಾರಲು ಬಿಡುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಇನ್ನೂ ಕೆಟ್ಟದ್ದು, ಅದು ಹತ್ತಿರದ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಅದರ ಕಲೆ ಕೂತ ಮರದ ಮೇಲೆ ಪಾಲಿಶ್ ಕೂಡ ನಿಲ್ಲುವುದಿಲ್ಲ. ಹಿಂದಿರುವುದು ಸನ್‌ಮೈಕಾ ಅಥವಾ ತಗಡಾದರೆ ಬಿಳಿ ಅಂಟನ್ನು ಬಿಟ್ಟು, ಬಾಗುವ ಗುಣವಿರುವ ಪಾಲಿಯುರಿಥೇನ್ ಅಂಟನ್ನು ಬಳಸಬೇಕು.

ಮೊಳೆಯ ಬದಲು ಸ್ಕ್ರೂ ಹಾಕಬೇಕೆಂಬುದು ನನ್ನ ಹಟ, ಏಕೆಂದರೆ ಘಾಟಿಯ ನಡುಕಕ್ಕೆ ನಯವಾದ ಮೊಳೆ ತಾನಾಗಿ ಹೊರಬರುತ್ತದೆ. ಆ ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಆಗಿರಲಿ. ಸಾದಾ ಕಬ್ಬಿಣದ್ದಾದರೆ ತೇವ ತಗಲಿದಾಗ ಸಾಗವಾನಿ ಮರದಲ್ಲಿ ಸುತ್ತಲೂ ಕಪ್ಪು ಕಲೆ ಏಳುತ್ತದೆ. ಪಟ್ಟಿ 8 ಮಿ.ಮೀ., ಪ್ಲೈ 4 ಮಿ.ಮೀ., ಪ್ಲೈಗೆ ಹಿಂದಿನಿಂದ ಆಸರೆಯಾದ ಮರದ ರೀಪು 19 ಮಿ.ಮೀ. ಎಂದಾದರೆ ಒಟ್ಟು 31 ಮಿ.ಮೀ. ಆಗುತ್ತದೆ, ಇದಕ್ಕೆ 25 ಮಿ.ಮೀ. ಸ್ಕ್ರೂ ಸಾಕು. ಅದಕ್ಕಿಂತ ಉದ್ದದ್ದನ್ನು ಹಾಕಿದವರು ವೈರನ್ನೋ ಹೊರಗಿನ ತಗಡನ್ನೋ ಚುಚ್ಚಿ ಹೊಸ ಸೋರಿಕೆಯನ್ನು ತಾವೇ ಮಾಡಿಕೊಳ್ಳುತ್ತಾರೆ. ಸಡಿಲಗೊಂಡ ಹಳೆಯ ತೂತಿಗೆ ಅಂಟಿನಲ್ಲಿ ಅದ್ದಿದ ಬಿದಿರು ಕಡ್ಡಿಯನ್ನು ಬಡಿದು, ಅಂಟು ಒಣಗಿದ ಮೇಲೆ ಮಟ್ಟಸವಾಗಿ ಕತ್ತರಿಸಿ, ಅದರ ನಡುವೆಯೇ ಸಣ್ಣ ತೂತು ಕೊರೆಯಬೇಕು. ಡ್ರಿಲ್ ಬಿಟ್ಟಿಗೆ ಬೇಕಾದ ಆಳದಲ್ಲಿ ಟೇಪು ಸುತ್ತಿಕೊಂಡರೆ ಕೈ ತಪ್ಪಿ ಒಳಗೆ ಹೋಗುವುದಿಲ್ಲ.

ಕತ್ತರಿಸಿದ ತುದಿಗಳೇ ಹೆಚ್ಚು ನೀರು ಕುಡಿಯುವುದರಿಂದ ಅಲ್ಲಿಗೆ ಮೊದಲು ತೆಳ್ಳಗೆ ಒಂದು ಕೈ ಅಂಟು ಹಚ್ಚಿ, ಅದು ಇಂಗಿದ ಮೇಲೆ ಪಟ್ಟಿಯ ಹಿಂಬದಿಗೂ ಹಚ್ಚಿ ಜಾಗಕ್ಕೆ ಕೂರಿಸಬೇಕು. ಒತ್ತಿ ಹಿಡಿಯಲು ಕ್ಲಾಂಪು ಕೊಳ್ಳುವ ಅಗತ್ಯವಿಲ್ಲ. ನಮ್ಮಲ್ಲಿ ಅಡಕೆ ದಬ್ಬೆಗೆ ಬರವೇ? ಎದುರು ಗೋಡೆಗಿರುವ ದೂರಕ್ಕಿಂತ ನಾಲ್ಕು ಬೆರಳು ಹೆಚ್ಚು ಉದ್ದದ ದಬ್ಬೆಯನ್ನು ಬಿಲ್ಲಿನಂತೆ ಬಗ್ಗಿಸಿ ಎರಡೂ ತುದಿಗೆ ಹಳೆಯ ಹವಾಯಿ ಚಪ್ಪಲಿಯ ತುಂಡನ್ನಿಟ್ಟು ನಿಲ್ಲಿಸಿದರೆ ಅದು ನೆಟ್ಟಗಾಗಲು ಹವಣಿಸುತ್ತಾ ಪಟ್ಟಿಯನ್ನು ಒತ್ತುತ್ತಲೇ ಇರುತ್ತದೆ. ಎದುರು ತುದಿ ಮಾತ್ರ ರೀಪಿನ ಮೇಲಿರಬೇಕು, ಬರೀ ಪ್ಲೈ ಮೇಲಿದ್ದರೆ ಅದು ತಗ್ಗಾಗುತ್ತದೆ. ಹೊರಗೆ ಉಕ್ಕಿದ ಅಂಟನ್ನು ಆಗಲೇ ಒದ್ದೆ ಬಟ್ಟೆಯಿಂದ ಒರೆಸದಿದ್ದರೆ ಪಾಲಿಶ್ ಅಲ್ಲಿ ಹತ್ತದೆ ಮಚ್ಚೆಯಾಗಿ ಉಳಿಯುತ್ತದೆ. ಅಂಟು ಹಸಿಯಿರುವಾಗಲೇ ಸ್ಕ್ರೂಗಳನ್ನು ಬಿಗಿಗೊಳಿಸಿ, ದಬ್ಬೆಯನ್ನು 24 ಗಂಟೆ, ಹವೆ ತೇವವಾಗಿದ್ದರೆ ಎರಡು ದಿನ ಹಾಗೆಯೇ ಬಿಡಬೇಕು.

ಸ್ಕ್ರೂವಿನ ತಲೆಗೆ ಅದೇ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿ, ತಿಕ್ಕಿ, ಪಾಲಿಶ್ ಕೊಡಬಹುದು. ಆದರೆ ಮಳೆ ಸುರಿಯುವ ದಿನ ಫ್ರೆಂಚ್ ಪಾಲಿಶ್ ಬೇಡ, ತೇವಕ್ಕೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಮೊದಲ ಘಾಟಿ ಪ್ರಯಾಣದಿಂದ ಮರಳಿದ ಸಂಜೆ ತುಂಬದೇ ಉಳಿಸಿಕೊಂಡ ಒಂದೆರಡು ಸ್ಕ್ರೂಗಳಿಗೆ ಸ್ಕ್ರೂಡ್ರೈವರ್ ಹಿಡಿದು ನೋಡಿ, ಕಾಲು ಸುತ್ತಿಗಿಂತ ಹೆಚ್ಚು ತಿರುಗದಿದ್ದರೆ ಅವುಗಳ ತಲೆಯನ್ನೂ ಹುಡಿಯಿಂದ ಮುಚ್ಚಬಹುದು.